‘ಬಹುದು’ ಅಳಿಸಿದ ಕೈ ಯಾರದು?

ಚಿತ್ರದುರ್ಗದ ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಇರಾಕ್ ಬಳಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂದು ಹೇಳಿ ನಡೆಸಿದ, ಕೊನೆಗೆ ಅವು ಸಿಗದೇ ಹೋದ 2003ರ ಇರಾಕ್ ಯುದ್ಧಕ್ಕೆ ಆಗಿನ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಮತ್ತು ಬ್ರಿಟನ್ ಪ್ರಧಾನಿ ಟೋನಿ ಬ್ಲೇರ್ ಅವರನ್ನೇ ಹೊಣೆಯಾಗಿಸಿದ ನಮ್ಮ ಕಳೆದ ಸಂಚಿಕೆಯ ಲೇಖನ ಅವರಿಗೆ ಒಪ್ಪಿಗೆಯಾಗಿಲ್ಲ. “ಬತ್ತೇರಿಯ ಮೇಲಿದ್ದವನು ಶತ್ರು ಬಂದನೆಂದು ಕಹಳೆ ಊದಿದರೆ ಪಾಳೆಯಗಾರ ತಾನೇ ಹತ್ತಿ ನೋಡಿ ಬರುತ್ತಾನೆಯೇ? ಬಾಗಿಲು ಹಾಕಿಸುತ್ತಾನೆ, ದಂಡು ಕೂಡಿಸುತ್ತಾನೆ. ತಪ್ಪಾಗಿ ಊದಿದ್ದರೆ ಶಿಕ್ಷೆ ಕಹಳೆಯವನಿಗೆ” ಎಂಬುದು ಅವರ ವಾದ. ‘ಸುಳ್ಳು ಹೇಳಿದರು’ ಎಂದು ನಾವು ಬರೆದದ್ದಕ್ಕೂ ಅವರ ಆಕ್ಷೇಪವಿದೆ.

ಮೇಷ್ಟ್ರೇ, ಕೋಟೆಯ ನೆರಳಿನಲ್ಲಿ ಬಾಳಿದವರು ಮಾತ್ರ ಕೊಡಬಹುದಾದ ಉದಾಹರಣೆ ಇದು. ನಿಮ್ಮ ಮಾತಿನಲ್ಲಿ ಸತ್ಯದ ಅಂಶವೂ ಇದೆ. ಇರಾಕಿನ ಸರ್ವಾಧಿಕಾರಿ ಸದ್ದಾಂ ಹುಸೇನ್ 1988ರಲ್ಲಿ ಹಲಬ್ಜಾದಲ್ಲಿ ತನ್ನ ನಾಡಿನ ಕುರ್ದ್ ಜನರ ಮೇಲೆಯೇ ವಿಷಾನಿಲ ಬಿಟ್ಟಿದ್ದ, ವಿಶ್ವಸಂಸ್ಥೆಯ ತಪಾಸಣೆದಾರರಿಗೆ ವರ್ಷಗಟ್ಟಲೆ ಸತ್ಯ ಮರೆಮಾಚಿದ್ದ. ಅವನ ಬಳಿ ಅಸ್ತ್ರಗಳು ಉಳಿದಿರಬೇಕೆಂದು ಯುದ್ಧವನ್ನು ವಿರೋಧಿಸಿದ ದೇಶಗಳ ಗುಪ್ತಚರರಲ್ಲಿಯೂ ಅನೇಕರು ನಂಬಿದ್ದರು. ಆಳುವವರು ಅರೆಬರೆ ಮಾಹಿತಿಯ ಮೇಲೆಯೇ ತೀರ್ಮಾನಿಸಬೇಕಾಗುತ್ತದೆ ಎಂಬುದನ್ನೂ ಒಪ್ಪುತ್ತೇನೆ.

ಆದರೆ ಕಹಳೆಯವನು ನಿಜವಾಗಿ ಏನೆಂದು ಊದಿದ್ದ ಎಂಬುದನ್ನು ನೀವು ಕೇಳಿಕೊಳ್ಳಲಿಲ್ಲ. 2002ರ ಅಕ್ಟೋಬರಿನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗಳು ಸಿದ್ಧಪಡಿಸಿದ ಗೋಪ್ಯ ವರದಿಯಲ್ಲಿ ‘ಹೀಗೆಂದು ನಾವು ಭಾವಿಸುತ್ತೇವೆ’ ಎಂಬ ಎಚ್ಚರಿಕೆಯ ಮಾತುಗಳಿದ್ದವು. ಇರಾಕ್ ತರಿಸುತ್ತಿದ್ದ ಅಲ್ಯೂಮಿನಿಯಂ ಕೊಳವೆಗಳು ಅಣ್ವಸ್ತ್ರಕ್ಕಲ್ಲ ಎಂದು ಅಮೆರಿಕದ್ದೇ ಇಂಧನ ಇಲಾಖೆಯ ತಜ್ಞರು ಹೇಳಿದ್ದ ಭಿನ್ನಮತವೂ ದಾಖಲಾಗಿತ್ತು. ಅದೇ ವರದಿಯ ಸಾರ್ವಜನಿಕ ಆವೃತ್ತಿ ಹೊರಬಂದಾಗ ‘ಭಾವಿಸುತ್ತೇವೆ’ ಎಂಬುದು ಹಲವೆಡೆ ಮಾಯವಾಗಿ, ಊಹೆಯೆಲ್ಲ ಸಂಗತಿಯಾಗಿ ನಿಂತಿತ್ತು. ಇದನ್ನು ಬರೆದಿಟ್ಟದ್ದು ಅಮೆರಿಕದ ಸೆನೆಟ್ ಸಮಿತಿಯೇ, 2004ರ ಜುಲೈನಲ್ಲಿ.

‘ಭಾವಿಸುತ್ತೇವೆ’ಯಂತೆಯೇ ಅನುಮಾನವನ್ನು ಸೂಚಿಸುವ ‘ಬಹುದು’ ಎಂಬ ಪದದ ಬೆಲೆ ನನಗೆ ಚೆನ್ನಾಗಿ ಗೊತ್ತು. ನಾನು ಈ ವೃತ್ತಿಗೆ ಬಂದ ಹೊಸತರಲ್ಲಿ ದಾವಣಗೆರೆಯ ಒಂದು ಸಣ್ಣ ದಿನಪತ್ರಿಕೆಯಲ್ಲಿದ್ದೆ. ಆಗಿನ್ನೂ ಅಚ್ಚಿನ ಮೊಳೆ ಜೋಡಿಸುವ ಕಾಲ. ಜೋರು ಮಳೆಯ ಒಂದು ರಾತ್ರಿ ಹಳ್ಳಿಯ ವರದಿಗಾರ ಫೋನ್ ಮಾಡಿ, “ಕೆರೆ ಏರಿ ಬಿರುಕು ಬಿಟ್ಟಿದೆ, ಒಡೆಯಬಹುದು ಅಂತ ಜನ ಅಂತಾರೆ” ಎಂದ. ತಲೆಬರಹ ಅಂಕಣದ ಅಳತೆಗೆ ಕೂರಲಿಲ್ಲ. ಮೊಳೆ ಜೋಡಿಸುವವರು ನನ್ನ ಮುಖ ನೋಡಿದರು. ನಾನು ‘ಒಡೆಯಬಹುದು’ ತೆಗೆಸಿ ‘ಒಡೆಯಲಿದೆ’ ಎಂದು ಮಾಡಿಸಿದೆ. ಒಂದಕ್ಷರ ಉಳಿಯಿತು, ಸಾಲು ಕೂತಿತು. ಬೆಳಗಾಗುವಷ್ಟರಲ್ಲಿ ಏರಿಯ ಕೆಳಗಿನ ಊರಿನ ಜನ ದನಕರು ಹೊಡೆದುಕೊಂಡು, ಜೋಳದ ಚೀಲಗಳನ್ನು ಗಾಡಿಗೇರಿಸಿಕೊಂಡು ರಸ್ತೆಗೆ ಬಂದಿದ್ದರು. ಏರಿ ಒಡೆಯಲಿಲ್ಲ. ನಮ್ಮ ಸಂಪಾದಕರು ನನ್ನನ್ನು ಕರೆದುಕೊಂಡು ಆ ಊರಿಗೆ ಹೋದರು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೋಳಿಪುಟ್ಟಿ ಮಡಿಲಲ್ಲಿಟ್ಟುಕೊಂಡು ನೆನೆದು ಕೂತಿದ್ದ ಒಬ್ಬ ಅಜ್ಜಿಯ ಮುಂದೆ ಕೈಮುಗಿದು, “ತಪ್ಪು ನಂದು ತಾಯಿ” ಎಂದರು. ವರದಿಗಾರನ ಹೆಸರಾಗಲಿ ನನ್ನ ಹೆಸರಾಗಲಿ ಅವರ ಬಾಯಿಂದ ಬರಲಿಲ್ಲ. ಒಂದು ಊರನ್ನು ಒಂದು ರಾತ್ರಿ ನೆನೆಸಿದ ತಪ್ಪಿಗೆ ಅಷ್ಟು ಮಾಡಬೇಕೆಂದು ಅವರಿಗೆ ತೋಚಿತ್ತು.

ಇನ್ನು ಇರಾಕಿನ ಲೆಕ್ಕಕ್ಕೆ ಬನ್ನಿ. 2003ರ ಫೆಬ್ರುವರಿ 5ರಂದು ಅಮೆರಿಕದ ಆಗಿನ ವಿದೇಶಾಂಗ ಮಂತ್ರಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಪುಟ್ಟ ಸೀಸೆ ಎತ್ತಿ ಹಿಡಿದು, ಲಾರಿಗಳ ಮೇಲೆ ಓಡಾಡುವ ಜೈವಿಕ ಅಸ್ತ್ರ ಕಾರ್ಖಾನೆಗಳ ಕಥೆ ಹೇಳಿದರು. ಆ ಕಥೆಯ ಮುಖ್ಯ ಮೂಲ ಜರ್ಮನಿಯಲ್ಲಿ ಆಶ್ರಯ ಕೇಳಿಕೊಂಡಿದ್ದ, ‘ಕರ್ವ್‌ಬಾಲ್’ ಎಂಬ ಗುಪ್ತನಾಮದ ಒಬ್ಬ ಇರಾಕಿ. ಯುದ್ಧಕ್ಕೆ ಮೊದಲು ಅಮೆರಿಕದ ಗುಪ್ತಚರರು ಅವನನ್ನು ನೇರವಾಗಿ ವಿಚಾರಿಸಿಯೂ ಇರಲಿಲ್ಲ. 2011ರಲ್ಲಿ ಅವನೇ ತಾನು ಕಟ್ಟಿ ಹೇಳಿದ್ದೆಂದು ಒಪ್ಪಿಕೊಂಡ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ನಮ್ಮ ಗಾದೆಯಲ್ಲಿ ಕೊಟ್ಟಿಗೆಯಾದರೂ ಹಿತ್ತಲಲ್ಲೇ ಇರುತ್ತದೆ, ಹೋಗಿ ನೋಡಬಹುದು. ಇಲ್ಲಿಯೂ ನೋಡುವವರಿದ್ದರು. ಮಾರ್ಚ್ 7ರಂದು, ನೈಜರ್ ದೇಶದಿಂದ ಯುರೇನಿಯಂ ಕೊಳ್ಳಲು ಇರಾಕ್ ಯತ್ನಿಸಿತೆಂಬ ದಾಖಲೆಗಳು ಅಸಲಿಯಲ್ಲವೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮೊಹಮದ್ ಎಲ್‌ಬರಾದಿ ಅದೇ ಭದ್ರತಾ ಮಂಡಳಿಗೆ ತಿಳಿಸಿದರು. ತಪಾಸಣೆ ಮುಗಿಸಲು ವರ್ಷಗಳೂ ಬೇಡ, ವಾರಗಳೂ ಸಾಲವು, ಕೆಲವು ತಿಂಗಳು ಬೇಕೆಂದು ವಿಶ್ವಸಂಸ್ಥೆಯ ತಪಾಸಣೆದಾರರ ಮುಖ್ಯಸ್ಥ ಹ್ಯಾನ್ಸ್ ಬ್ಲಿಕ್ಸ್ ಕೇಳಿದರು. ಹದಿಮೂರನೆಯ ದಿನ ಬಾಂಬುಗಳು ಬಿದ್ದವು. ನಿಮ್ಮ ಪಾಳೆಯಗಾರನಿಗೆ ಬತ್ತೇರಿ ಹತ್ತಲು ಹೊತ್ತಿರಲಿಲ್ಲ, ಶತ್ರು ಬಾಗಿಲಲ್ಲಿದ್ದ. ಇಲ್ಲಿ ಶತ್ರು ಯಾರ ಬಾಗಿಲಲ್ಲಿಯೂ ಇರಲಿಲ್ಲ. ಬತ್ತೇರಿ ಹತ್ತಿದ್ದವರನ್ನೇ ಕೆಳಗಿಳಿಸಲಾಯಿತು.

ಬ್ರಿಟನ್ನಿನ ಕಥೆ ಇನ್ನೂ ನೋವಿನದು. ಗುಪ್ತಚರ ಮಾಹಿತಿಯನ್ನು ಅಮೆರಿಕದವರು ತಮ್ಮ ಧೋರಣೆಗೆ ತಕ್ಕಂತೆ ಹೊಂದಿಸುತ್ತಿದ್ದಾರೆ ಎಂಬ ಮಾತು 2002ರ ಜುಲೈ 23ರ ಪ್ರಧಾನಿ ಸಭೆಯ ಟಿಪ್ಪಣಿಯಲ್ಲಿಯೇ ಇದೆ. ಐದು ದಿನಗಳ ಮೇಲೆ ಬ್ಲೇರ್ “ಏನೇ ಆದರೂ ನಿಮ್ಮೊಂದಿಗಿರುತ್ತೇನೆ” ಎಂದು ಬುಷ್‌ಗೆ ಬರೆದರು. ಇರಾಕಿನ ಅಸ್ತ್ರಗಳ ಬಗ್ಗೆ ತಮ್ಮ ಸರ್ಕಾರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ದಸ್ತಾವೇಜಿಗೆ ಬರೆದ ಮುನ್ನುಡಿಯಲ್ಲಿ ಮಾಹಿತಿ ಸಂಶಯಾತೀತ ಎಂದರು. ಈ ಯುದ್ಧದ ವಿಚಾರಣೆಗೆಂದು ಬ್ರಿಟನ್ನಿನಲ್ಲಿ 2009ರಲ್ಲಿ ನೇಮಕವಾದ ಚಿಲ್ಕಾಟ್ ಸಮಿತಿ ಏಳು ವರ್ಷ ತೆಗೆದುಕೊಂಡು, 12 ಸಂಪುಟ, ಸುಮಾರು 26 ಲಕ್ಷ ಪದಗಳಲ್ಲಿ ಹೇಳಿದ್ದು ಇದನ್ನೇ: ಸಮರ್ಥನೆಯಿಲ್ಲದ ಖಚಿತತೆಯಿಂದ ಆ ಅಂದಾಜುಗಳನ್ನು ಜನರ ಮುಂದಿಡಲಾಯಿತು, ಯುದ್ಧ ಆಗ ಕೊನೆಯ ದಾರಿಯಾಗಿರಲಿಲ್ಲ. ಅಷ್ಟರೊಳಗೆ 179 ಬ್ರಿಟಿಷ್ ಯೋಧರು, ಸುಮಾರು 4,500 ಅಮೆರಿಕನ್ ಯೋಧರು, ಲಕ್ಷಕ್ಕೂ ಮೀರಿ ಇರಾಕಿ ನಾಗರಿಕರು ಮಣ್ಣಾಗಿದ್ದರು.

ಶಿಕ್ಷೆ ಕಹಳೆಯವನಿಗೆ ಎಂದಿರಿ. ಅದೂ ಆಗಲಿಲ್ಲ, ಮೇಷ್ಟ್ರೇ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಮುಖ್ಯಸ್ಥರಾಗಿದ್ದ ಜಾರ್ಜ್ ಟೆನೆಟ್ ಅವರ ಕೊರಳಿಗೆ 2004ರ ಡಿಸೆಂಬರಿನಲ್ಲಿ ದೇಶದ ಅತ್ಯುನ್ನತ ನಾಗರಿಕ ಪದಕ ಬಿತ್ತು. ಬುಷ್ ಮತ್ತೆ ಗೆದ್ದರು, ಬ್ಲೇರ್ ಮತ್ತೆ ಗೆದ್ದರು. ಯುದ್ಧವನ್ನು ಒಪ್ಪಲಾರೆನೆಂದು ಮೂರು ದಿನ ಮೊದಲೇ ಬ್ಲೇರ್ ಸಂಪುಟ ಬಿಟ್ಟು ಹೊರನಡೆದ ರಾಬಿನ್ ಕುಕ್ ಅವರದೊಂದು ಹೆಸರನ್ನು ನಾನು ಗೌರವದಿಂದ ನೆನೆಯುತ್ತೇನೆ.

ಅಲ್ಲಿ ಏಳು ವರ್ಷ ತಡವಾಗಿಯಾದರೂ ವರದಿ ಜನರ ಕೈಗೆ ಬಂತು. ನಮ್ಮಲ್ಲಿ? 1962ರಲ್ಲಿ ಚೀನಾದೆದುರು ಆದ ಸೋಲಿನ ಬಗ್ಗೆ ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಬರೆದ ವರದಿಯನ್ನು ಯಾವ ಪಕ್ಷದ ಸರ್ಕಾರವೂ ಅಧಿಕೃತವಾಗಿ ಪ್ರಕಟಿಸಲಿಲ್ಲ. ಅರಿಯಲೂರಿನ ರೈಲು ದುರಂತಕ್ಕೆ 1956ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ರೈಲ್ವೆ ಮಂತ್ರಿಗಿರಿ ಬಿಟ್ಟರು. ಹಳಿ ಅವರು ಹಾಸಿದ್ದಲ್ಲ, ಸೇತುವೆ ಅವರು ಕಟ್ಟಿದ್ದಲ್ಲ. ಇಂದು ಸೇತುವೆ ಕುಸಿದರೆ ಅಮಾನತಾಗುವವನು ಕಿರಿಯ ಎಂಜಿನಿಯರ್, ಆಸ್ಪತ್ರೆಯಲ್ಲಿ ಕೂಸು ಸತ್ತರೆ ನರ್ಸ್. ಕಡತದ ಮೇಲೆ ‘ಕೆಳಗಿನವರ ವರದಿಯಂತೆ’ ಎಂಬ ಷರಾ ಬರೆದವರಿಗೆ ಬಡ್ತಿ ತಪ್ಪುವುದಿಲ್ಲ. ಮೂರು ದಶಕಗಳ ಕಾಲ ಮಕ್ಕಳ ತಪ್ಪನ್ನು ಮಕ್ಕಳಿಂದಲೇ ಒಪ್ಪಿಸಿದ ನೀವು ಈ ಷರಾದ ಪರ ನಿಂತದ್ದು ನನಗೆ ನಿಜಕ್ಕೂ ಬೇಸರ ತಂದಿತು.

ಕೊನೆಯದಾಗಿ ನಿಮ್ಮ ಆಕ್ಷೇಪ. ಬ್ಲೇರ್ ತಿಳಿದೂ ತಿಳಿದೂ ಸುಳ್ಳಾಡಿದರೆಂದು ಚಿಲ್ಕಾಟ್ ವರದಿ ತೀರ್ಮಾನಿಸಿಲ್ಲ. ಕಳೆದ ಸಂಚಿಕೆಯ 14ನೆಯ ಪುಟದಲ್ಲಿ ‘ಸುಳ್ಳು ಹೇಳಿದರು’ ಎಂದಿರುವಲ್ಲಿ ‘ಸಮರ್ಥನೆಯಿಲ್ಲದ ಖಚಿತತೆಯಿಂದ ಹೇಳಿದರು’ ಎಂದು ಓದಿಕೊಳ್ಳಬೇಕಾಗಿ ಕೋರುತ್ತೇನೆ. ಲೇಖಕರ ಹಸ್ತಪ್ರತಿಯಲ್ಲಿ ಹೀಗೆಯೇ ಇತ್ತು. ಸಾಲು ಉದ್ದವಾಯಿತೆಂದು ತಿದ್ದಿದವನು ನಾನು.