ಲೇಸರ್ ಕೆತ್ತಿಸಿದ ಪರ್ಸಿಗೆ ಮಸಿ ಕಾಟ

ಪ್ರಶ್ನೆ: ಶಿವಮೊಗ್ಗದಲ್ಲಿ ಲೆದರ್ ಪರ್ಸ್ ಮೇಲೆ ಅಪ್ಪನ ಹೆಸ್ರು ಲೇಸರಲ್ಲಿ ಕೆತ್ತಿಸ್ದೆ, ಈಗ ಮುಟ್ಟಿದ್ರೆ ಕೈಯೆಲ್ಲ ಮಸಿ, ಕೂದ್ಲು ಸುಟ್ಟಂಗೆ ವಾಸ್ನೆ ಬೇರೆ. ತೊಳೀಬಹುದಾ ಸಾರ್?
- ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಲ್ಲಿ ಕೆಳಗೆ ಮಾತ್ರ ಹಿಡೀಬೇಡಿ ಮಾರಾಯ್ರೆ! ಚರ್ಮ, ಕೂದ್ಲು ಎರಡೂ ಪ್ರೋಟೀನೇ, ಅದಕ್ಕೇ ಆ ವಾಸ್ನೆ. ಮೊದ್ಲು ಒಣಗಿದ ಮೆತ್ತನೆ ಟೂತ್‌ಬ್ರಷ್ಷಲ್ಲಿ ಮಸಿ ಉದುರ್ಸಿ, ಆಮೇಲೆ ಸ್ಯಾಡಲ್ ಸೋಪಿನ (ಚರ್ಮ ಕ್ಲೀನ್ ಮಾಡೋ ಸೋಪು) ಬರೀ ನೊರೆ ಬಟ್ಟೇಲಿ ತಗೊಂಡು ಒರ್ಸಿ, ಅದೂ ಒಂದು ಮೂಲೇಲಿ ಟೆಸ್ಟ್ ಮಾಡ್ಕೊಂಡು. ಸ್ಪಿರಿಟ್ ಮಾತ್ರ ಬೇಡ, ಹಾಕಿದ್ರೆ ಬಣ್ಣನೂ ಎದ್ದು ಬರಬಹುದು. ನಮ್ಮ ಮಳೆಗಾಲದಲ್ಲಿ ಒಣಗಲ್ಲ ಅಂತ ಒಲೆ ಪಕ್ಕ ಇಟ್ರೆ ಬಿರಿಯುತ್ತೆ, ಒದ್ದೆ ಬಿಟ್ರೆ ಬೂಷ್ಟು. ಫ್ಯಾನ್ ಗಾಳಿಗಿಡಿ, ಒಣಗಿದ್ಮೇಲೆ ಲೆದರ್ ಕಂಡೀಷನರ್ ಚೂರು ಸವರಿ. ವಾಸ್ನೆ ನಿಧಾನಕ್ಕೆ ಹೋಗುತ್ತೆ. ಅಂದಹಾಗೆ ರೆಕ್ಸಿನ್ ಪರ್ಸನ್ನ ಲೇಸರಿಗೆ ಕೊಡ್ಲೇಬೇಡಿ, ಅದ್ರಲ್ಲಿ ಸಾಮಾನ್ಯವಾಗಿ ಇರೋ ಪಿವಿಸಿ ಪ್ಲಾಸ್ಟಿಕ್ ಸುಟ್ರೆ ಬರೋದು ವಿಷದ ಹೊಗೆ.