ದನದ ಕೊಟ್ಟಿಗೆಯಲ್ಲೇ ಕುದುರೆ ಕಟ್ಟಬಹುದಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಡಿಮೆ ಖರ್ಚಿನಲ್ಲಿ, ಮನೆಯಲ್ಲಿ ಇದ್ದದ್ದರಲ್ಲೇ ಕುದುರೆ ಸಾಕುವುದರ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಬಂದವುಗಳಲ್ಲಿ ಹೆಚ್ಚು ಜನರಿಗೆ ಉಪಯೋಗವಾಗುವಂಥವನ್ನು ಆರಿಸಿದ್ದೇವೆ.

ಜಾತ್ರೆಯಲ್ಲಿ ಒಂದು ನಾಡ ಹೆಣ್ಣು ಕುದುರೆ ಕೊಂಡಿದ್ದೇವೆ. ಎರಡು ಹಸು ಇರುವ ಕೊಟ್ಟಿಗೆಯಲ್ಲೇ ಜಾಗ ಇದೆ. ಬೆಂಗಳೂರಿನ ನೆಂಟರು ಬಂದು ನೋಡಿ, ಬೇರೆ ಲಾಯ ಕಟ್ಟಿಸಿ, ನೆಲಕ್ಕೆ ರಬ್ಬರ್ ಮ್ಯಾಟ್ ಹಾಕಿಸಿ ಅಂತಾರೆ. ಅಷ್ಟೆಲ್ಲ ಬೇಕಾ? (ತಿಪಟೂರು)

ಬೇಡ. ಕೊಟ್ಟಿಗೆ ಸಾಕು. ಆದರೆ ಮೊದಲು ತಲೆ ಎತ್ತಿ ಸೂರು ನೋಡಿ. ದನಕ್ಕೆ ಸರಿಹೋಗುವ ತಗ್ಗು ಹೆಂಚಿನ ಮಾಡು ಕುದುರೆಗೆ ಆಗುವುದಿಲ್ಲ, ಬೆಚ್ಚಿಬಿದ್ದಾಗ ಅದು ತಲೆಯನ್ನು ಸೀದಾ ಮೇಲಕ್ಕೆ ಎಸೆಯುತ್ತದೆ. ಹತ್ತು ಅಡಿ ಎತ್ತರ ಇದ್ದರೆ ಒಳ್ಳೆಯದು. ಗೋಡೆಯ ಮೊಳೆ, ಮುಳ್ಳುತಂತಿಯ ತುಂಡು ಎಲ್ಲ ತೆಗೆಯಿರಿ. ಹಸುವಿನ ಕೊಂಬು ತಾಗದಷ್ಟು ದೂರ ಕಟ್ಟಿ.

ನೆಲದ ಚಪ್ಪಡಿ ಕಲ್ಲು ಜಾರುತ್ತದೆ, ಅದಕ್ಕೇನಾದರೂ ಹಾಸಬೇಕು. ನಿಮ್ಮ ಕಡೆ ತೆಂಗಿನ ನಾರಿನ ಪುಡಿಗೆ ಬರವೇ? ಅದನ್ನೇ ದಪ್ಪಗೆ ಹರಡಿ, ಒದ್ದೆಯಾದ ಭಾಗ ಮತ್ತು ಲದ್ದಿ ದಿನಾ ತೆಗೆದು ತಿಪ್ಪೆಗೆ ಹಾಕಿ. ಒಳಗೆ ಬಗ್ಗಿ ಮೂಸಿದಾಗ ಕಣ್ಣು ಉರಿದರೆ ಅದು ಮೂತ್ರದ ಅಮೋನಿಯಾ, ಕುದುರೆಯ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು.

ದನದ ಹಾಗೆ ಕೊರಳಿಗೆ ಕಣ್ಣಿ ಹಾಕಬೇಡಿ. ಹೆದರಿದ ಕುದುರೆ ಹಿಂದಕ್ಕೆ ಜಗ್ಗುತ್ತದೆ, ಕುತ್ತಿಗೆ ಮುರಿದುಕೊಳ್ಳಬಹುದು. ಮುಖಕ್ಕೆ ಹಾಕುವ ಅಗಲವಾದ ಪಟ್ಟಿ ಇರಲಿ. ಗೋಡೆಯ ಬಳೆಗೆ ಹಗ್ಗವನ್ನು ನೇರವಾಗಿ ಕಟ್ಟಬೇಡಿ. ಮೊದಲು ಬಳೆಗೆ ಗೋಣಿ ಹೊಲಿಯುವ ಸೆಣಬಿನ ದಾರದ ಒಂದು ಕುಣಿಕೆ ಹಾಕಿ, ಹಗ್ಗವನ್ನು ಆ ಕುಣಿಕೆಗೆ ಕಟ್ಟಿ, ಅದೂ ಒಂದೇ ಎಳೆತಕ್ಕೆ ಬಿಚ್ಚುವ ಗಂಟಿನಲ್ಲಿ. ಜೋರಾಗಿ ಜಗ್ಗಿದರೆ ದಾರ ತುಂಡಾಗುತ್ತದೆ, ಕುದುರೆ ಉಳಿಯುತ್ತದೆ. ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ ಚೆನ್ನಾಗಿ ತೊಳೆದು, ತಂತಿಯ ಹಿಡಿ ಕಿತ್ತುಹಾಕಿದರೆ ನೀರಿನ ವ್ಯವಸ್ಥೆಯೂ ಆಯಿತು. ದಿನಕ್ಕೆ 25ರಿಂದ 40 ಲೀಟರ್ ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ.

ಒಂದು ಖರ್ಚು ಮಾತ್ರ ತಪ್ಪಿಸಬೇಡಿ. ಜಾತ್ರೆಯಿಂದ ತಂದ ಕುದುರೆಗೆ ಗ್ಲಾಂಡರ್ಸ್ ರೋಗದ ರಕ್ತ ಪರೀಕ್ಷೆ ಆಗಬೇಕು. ಪಶು ಆಸ್ಪತ್ರೆಯವರನ್ನು ಕೇಳಿ, ಈ ಪರೀಕ್ಷೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತದೆ. ಇದು ಮನುಷ್ಯರಿಗೂ ಅಂಟುವ ರೋಗ. ಫಲಿತಾಂಶ ಬರುವವರೆಗೆ ಮಕ್ಕಳನ್ನು ಅದರ ಮೂತಿಯ ಹತ್ತಿರ ಬಿಡಬೇಡಿ.

ಹಸುಗಳಿಗೆ ತರುವ ಪಶು ಆಹಾರದ ಮೂಟೆ, ಗೋಧಿ ಬೂಸಾ, ನೇಪಿಯರ್ ಹುಲ್ಲು ಮನೆಯಲ್ಲಿ ಇದ್ದೇ ಇದೆ. ಕುದುರೆಗೂ ಅದನ್ನೇ ಹಾಕಿದರೆ ಏನು ತೊಂದರೆ? ನಮ್ಮ ತಾತ ಬರೀ ಹುರುಳಿ ಹಾಕುತ್ತಿದ್ದರಂತೆ. (ಗೋಕಾಕ)

ತಾತನ ದಾರಿ ಅರ್ಧ ಸರಿ. ಪಶು ಆಹಾರದ ಮೂಟೆಯನ್ನಂತೂ ಕುದುರೆಯಿಂದ ದೂರ ಇಡಿ. ದನದ ಮತ್ತು ಕೋಳಿಯ ಕೆಲವು ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆಸಿರುತ್ತಾರೆ. ದನಕ್ಕೆ ಅದರಿಂದ ಲಾಭ, ಕುದುರೆಯ ಹೃದಯಕ್ಕೆ ಅದು ವಿಷ. ಸ್ವಲ್ಪ ತಿಂದರೂ ಸಾಯಬಹುದು. ಮೂಟೆಯ ಬಾಯಿ ಬಿಚ್ಚಿಟ್ಟು ಹೋಗುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಗೋಧಿ ಬೂಸಾ ಒಂದೆರಡು ಹಿಡಿ ಪರವಾಗಿಲ್ಲ. ಅದೇ ಮುಖ್ಯ ಆಹಾರವಾದರೆ ರಂಜಕ ಜಾಸ್ತಿಯಾಗಿ ಮೂಳೆಯ ಸುಣ್ಣ ಕರಗುತ್ತದೆ, ಕೊನೆಗೆ ಮುಖದ ಮೂಳೆ ಊದಿಕೊಳ್ಳುತ್ತದೆ. ನೇಪಿಯರ್‌ದೂ ಅದೇ ಕಥೆ, ಅದರಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬರೀ ನೇಪಿಯರ್ ಬೇಡ, ಗರಿಕೆ ಸಿಕ್ಕಷ್ಟೂ ಹಾಕಿ. ಬದುವಿನ ಮೇಲೆ ಪುಕ್ಕಟೆ ಬೆಳೆಯುವ ಗರಿಕೆಯನ್ನು ಬಿಟ್ಟು ದುಡ್ಡು ಕೊಟ್ಟು ಏನೇನೋ ತರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಒಣ ಹುಲ್ಲಿಗೆ ಬೂಷ್ಟು ಹಿಡಿದಿದ್ದರೆ ಹಾಕಬೇಡಿ.

ಎಷ್ಟು ಹಾಕಬೇಕು? ದರ್ಜಿಯ ಟೇಪು ತನ್ನಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ, ಆಮೇಲೆ ಭುಜದ ತುದಿಯಿಂದ ಪಿರ್ರೆಯ ತುದಿವರೆಗೆ ಉದ್ದ. ಎಲ್ಲ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 160, ಉದ್ದ 145 ಇದ್ದರೆ ಸುಮಾರು 312 ಕೆಜಿ. ಅದರ ನೂರಕ್ಕೆ ಎರಡು ಭಾಗ, ಅಂದರೆ ದಿನಕ್ಕೆ ಆರು ಕೆಜಿ ಒಣ ಮೇವು. ಹಸಿ ಹುಲ್ಲಾದರೆ ಅದರ ಮೂರು ನಾಲ್ಕು ಪಟ್ಟು. ಒಮ್ಮೆಗೇ ಸುರಿಯಬೇಡಿ. ಕುದುರೆಯ ಹೊಟ್ಟೆ ಚಿಕ್ಕದು, ಅದರಲ್ಲಿ ಆಮ್ಲ ಸದಾ ಊರುತ್ತಲೇ ಇರುತ್ತದೆ, ಹಾಗಾಗಿ ದಿನವಿಡೀ ಸ್ವಲ್ಪ ಸ್ವಲ್ಪ ಮೆಲ್ಲುತ್ತಿರಬೇಕು. ಹರಿಯದ ಹಳೇ ನೈಲಾನ್ ಬಲೆಯಲ್ಲಿ ಹುಲ್ಲು ತುಂಬಿ, ಕಾಲು ಸಿಕ್ಕಿಕೊಳ್ಳದಷ್ಟು ಎತ್ತರಕ್ಕೆ ಕಟ್ಟಿದರೆ ನಿಧಾನವಾಗಿ ಕಿತ್ತು ತಿನ್ನುತ್ತದೆ.

ಹುರುಳಿ ನೆನೆಸಿ ಅಥವಾ ಬೇಯಿಸಿ ಕೊಡಿ. ಗಾಡಿ ಎಳೆಯುವ ಕುದುರೆಗೆ ದಿನಕ್ಕೆ ಒಂದೆರಡು ಕೆಜಿ, ಸುಮ್ನೆ ನಿಂತಿರುವುದಕ್ಕೆ ಒಂದು ಹಿಡಿ. ಯಾವುದೇ ಹೊಸ ಆಹಾರವನ್ನು ಏಳೆಂಟು ದಿನ ತೆಗೆದುಕೊಂಡು ನಿಧಾನವಾಗಿ ರೂಢಿಸಿ. ಮದುವೆ ಮನೆಯಲ್ಲಿ ಉಳಿದ ಅನ್ನ, ಚಪಾತಿ ಪ್ರೀತಿಯಿಂದ ತಂದು ಹಾಕಬೇಡಿ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹೋದದ್ದು ಹೋಯಿತು.

ಪಕ್ಕೆಯ ಕಡೆ ತಿರುಗಿ ತಿರುಗಿ ನೋಡಿದರೆ, ಮುಂಗಾಲಲ್ಲಿ ನೆಲ ಕೆರೆದರೆ, ಹೊರಳಾಡಿದರೆ, ಲದ್ದಿ ನಿಂತಿದ್ದರೆ ಅದು ಹೊಟ್ಟೆನೋವು. ಆಗ ಮನೆಮದ್ದು ಬೇಡ, ಗೊಟ್ಟದಲ್ಲಿ ಎಣ್ಣೆ ಹುಯ್ಯುವುದಂತೂ ಬೇಡವೇ ಬೇಡ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೇವು ತೆಗೆದುಬಿಟ್ಟು ಡಾಕ್ಟರಿಗೆ ಹೇಳಿ. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದೆ.

ಕುದುರೆ ಶಾಂಪೂ, ಬ್ರಷ್ ಎಲ್ಲ ಆನ್‌ಲೈನಲ್ಲಿ ಸಿಕ್ಕಾಪಟ್ಟೆ ರೇಟು. ಬದಲಿಗೆ ಏನು ಬಳಸಬಹುದು? (ಮೈಸೂರು)

ರಾಗಿ ಹುಲ್ಲನ್ನು ಹುರಿ ಮಾಡಿ ಅಂಗೈಯಗಲ ಸುತ್ತಿಕೊಂಡರೆ ಅದೇ ಬ್ರಷ್. ಇಲ್ಲದಿದ್ದರೆ ತೆಂಗಿನ ನಾರು, ಕೊನೆಗೆ ಒಂದು ಗೋಣಿಚೀಲದ ತುಂಡು. ಶಾಂಪೂ ಬೇಕಿಲ್ಲ, ತಣ್ಣೀರು ಸಾಕು. ಬೆವರಿದ ಕುದುರೆಗೆ ತಣ್ಣೀರು ಹಾಕಿದರೆ ಕಾಲು ಹಿಡಿಯುತ್ತದೆ ಎನ್ನುವುದು ಸುಳ್ಳು, ಧಾರಾಳವಾಗಿ ಹುಯ್ಯಿರಿ. ಜೀನಿನ ಕೆಳಗೆ ಹಳೇ ಕಂಬಳಿ ಹಾಕಬಹುದು, ಮಡಿಕೆ ಬೀಳದಂತೆ ಎಳೆದು ಹಾಕಿ.

ನಮ್ಮೂರಲ್ಲಿ ಎತ್ತಿಗೆ ಲಾಳ ಕಟ್ಟುವವರು ಇದ್ದಾರೆ. ಕುದುರೆಗೂ ಅವರ ಕೈಲೇ ಕಟ್ಟಿಸಲೇ? (ಚಿಂತಾಮಣಿ)

ಎತ್ತಿನದು ಸೀಳು ಗೊರಸು, ಕುದುರೆಯದು ಒಂದೇ. ಮೊಳೆ ಎಲ್ಲಿ ಹೊಡೆಯಬೇಕೆಂಬ ಲೆಕ್ಕವೇ ಬೇರೆ. ನಿಮ್ಮ ಕುದುರೆ ದಿನಾ ಟಾರು ರಸ್ತೆಯಲ್ಲಿ ಓಡದಿದ್ದರೆ ಲಾಳವೇ ಬೇಡ. ಆದರೆ ಆರೆಂಟು ವಾರಕ್ಕೊಮ್ಮೆ ಗೊರಸು ಸವರಿಸಬೇಕು, ಅದನ್ನು ಬಲ್ಲವರೇ ಮಾಡಬೇಕು. ಹತ್ತಿರ ಮದುವೆ ಮೆರವಣಿಗೆಗೆ ಕುದುರೆ ಕೊಡುವವರು ಇದ್ದರೆ ಕೇಳಿ, ಅವರಿಗೆ ಗೊತ್ತಿರುತ್ತದೆ. ಇಬ್ಬರು ಮೂವರು ಕುದುರೆಯವರು ಸೇರಿ ಒಂದೇ ದಿನ ಕರೆಸಿದರೆ ಬಂದುಹೋಗುವ ಖರ್ಚೂ ಹಂಚಿಹೋಗುತ್ತದೆ.

ದಿನದ ಕೆಲಸ ನಿಮ್ಮದು. ಮೊಂಡಾದ ಸ್ಕ್ರೂಡ್ರೈವರಿನಿಂದ ಹಿಮ್ಮಡಿ ಕಡೆಯಿಂದ ಮುಂದಕ್ಕೆ ಕೆರೆದು ಮಣ್ಣು, ಕಲ್ಲು ತೆಗೆಯಿರಿ. ಅಂಗಾಲಿನ ನಡುವೆ ವಿ ಆಕಾರದ ಮೆತ್ತನೆ ಭಾಗ ಇರುತ್ತದೆ. ಅದರ ಎರಡು ಬದಿಯ ಸಂದಿನಲ್ಲಿ ಕಪ್ಪಗೆ, ಕೊಳೆತ ವಾಸನೆ ಬರುತ್ತಿದ್ದರೆ ನಿಂತ ಜಾಗ ಒದ್ದೆ ಎಂದರ್ಥ. ಮೊದಲು ನೆಲ ಒಣಗಿಸಿ. ಗೊರಸಿಗೆ ಹಳೇ ಎಂಜಿನ್ ಆಯಿಲ್ ಬಳಿಯುವುದು ಬೇಡ.

ಮೊಳೆ ಚುಚ್ಚಿದರೆ ಅರಿಶಿನ ಹಾಕಿ ಕೂರಬೇಡಿ. ಸಾಕುಪ್ರಾಣಿಗಳಲ್ಲಿ ಧನುರ್ವಾಯು ಬೇಗ ತಗಲುವುದು ಕುದುರೆಗೇ. ವರ್ಷಕ್ಕೊಂದು ಟಿಟಿ ಇಂಜೆಕ್ಷನ್ ತಪ್ಪಿಸಬೇಡಿ.

ರೇಸಿನಿಂದ ನಿವೃತ್ತಿಯಾದ ಕುದುರೆಯನ್ನು ಪುಕ್ಕಟೆ ಕೊಡುತ್ತಾರಂತೆ. ಮಕ್ಕಳ ಸವಾರಿಗೆ ತರಬಹುದಾ? (ಹೆಸರು ಬೇಡ, ದೇವನಹಳ್ಳಿ)

ಬೇಡ. ಅದು ನಾಡ ಕುದುರೆಯ ಒಂದೂವರೆ ಪಟ್ಟು ತಿನ್ನುತ್ತದೆ, ಚರ್ಮ ತೆಳು, ಕಾಲಿನಲ್ಲಿ ಹಳೇ ಪೆಟ್ಟು ಇರಬಹುದು, ಮೊದಲ ಸಲ ಕುದುರೆ ಹತ್ತುವ ಮಕ್ಕಳಿಗೆ ಬಗ್ಗುವ ಪ್ರಾಣಿಯಲ್ಲ. ಕುದುರೆ 25-30 ವರ್ಷ ಬದುಕುತ್ತದೆ. ಐದು ವರ್ಷಕ್ಕೆ ನಿವೃತ್ತಿಯಾದದ್ದು ಇನ್ನೂ ಇಪ್ಪತ್ತು ವರ್ಷ ನಿಮ್ಮ ಮನೆಯಲ್ಲಿ ಉಣ್ಣುತ್ತದೆ, ಅಷ್ಟರಲ್ಲಿ ಮಕ್ಕಳಿಗೆ ಮದುವೆಯಾಗಿರುತ್ತದೆ ಅಲ್ವಾ?

ನಮ್ಮ ಕುದುರೆ ಮಲಗಿದ್ದನ್ನು ನೋಡೇ ಇಲ್ಲ. ನಿಂತೇ ನಿದ್ದೆ ಮಾಡುತ್ತೆ, ಹಾಗೇ ಬಿಡಿ ಅಂತಾರೆ. (ಹಾವೇರಿ)

ತೂಕಡಿಕೆ ನಿಂತೇ ಆಗುತ್ತದೆ, ಗಾಢ ನಿದ್ದೆಗೆ ಮಲಗಲೇಬೇಕು. ಬೆಳಿಗ್ಗೆ ಮೈಮೇಲೆ ಹುಲ್ಲು, ಮಣ್ಣು ಅಂಟಿದ್ದರೆ ರಾತ್ರಿ ನೀವು ನೋಡದಾಗ ಮಲಗಿದೆ, ಬಿಡಿ. ಏನೂ ಅಂಟಿಲ್ಲದಿದ್ದರೆ ಹಗ್ಗ ತೀರ ಗಿಡ್ಡವೇ, ನೆಲ ಗಟ್ಟಿಯೇ ನೋಡಿ. ಒಂಟಿಯಾಗಿದ್ದರೂ ಭಯಕ್ಕೆ ಮಲಗುವುದಿಲ್ಲ. ಇನ್ನೊಂದು ಕುದುರೆ ತರಲು ಆಗದಿದ್ದರೆ ಒಂದು ಮೇಕೆ ಬಿಡಿ, ಹೊಂದಿಕೊಳ್ಳುತ್ತವೆ. ಎಲ್ಲ ಸರಿಯಿದ್ದೂ ಮಲಗದಿದ್ದರೆ ಮಂಡಿ, ಸೊಂಟ ನೋಯುತ್ತಿರಬಹುದು, ಡಾಕ್ಟರಿಗೆ ತೋರಿಸಿ.