ಚಹಾ ನೆನೆಸಿದ ಜಿನ್: ಒಗರು ಏಕೆ ಬಂತು, ಆ ಬಾಟಲಿಯನ್ನು ಏನು ಮಾಡಬೇಕು

ರೆಸ್ಟೋರೆಂಟಿನ ಬಾರಿನಲ್ಲಿ ಕುಡಿದ ಚಹಾ-ಜಿನ್ ಕಾಕ್‌ಟೇಲ್ ಬೆಣ್ಣೆಯಂತೆ ಇಳಿಯಿತು, ಮನೆಯಲ್ಲಿ ಜಿನ್‌ಗೆ ಟೀ ಪುಡಿ ಹಾಕಿ ರಾತ್ರಿಯಿಡೀ ಬಿಟ್ಟರೆ ನಾಲಿಗೆ ಒಣಗುವಷ್ಟು ಒಗರಾಯಿತು ಎಂದು ಬರೆದಿದ್ದೀರಿ. ಆ ಬಾಟಲಿಯನ್ನು ಚೆಲ್ಲಬೇಕೇ, ಮೊಟ್ಟೆ ಇಲ್ಲದೆ ಮಾಡಬಹುದೇ ಎಂದೂ ಕೇಳಿದ್ದೀರಿ. ಚೆಲ್ಲಬೇಡಿ. ಅದಕ್ಕೆ ಮದ್ದಿದೆ, ಮುಂದೆ ಹೇಳುತ್ತೇನೆ.

ತಪ್ಪಿದ್ದು ಎರಡು ಕಡೆ. ಒಂದು, ರಾತ್ರಿಯಿಡೀ ಬಿಟ್ಟದ್ದು. ಚಹಾದ ಪರಿಮಳವನ್ನು ಎಳೆಯಲು ಮದ್ಯಕ್ಕೆ ಬಿಸಿ ಬೇಕಿಲ್ಲ, ದಿನಗಟ್ಟಲೆ ಸಮಯವೂ ಬೇಕಿಲ್ಲ. ಘಮ ಮೊದಲು ಬಿಟ್ಟುಕೊಳ್ಳುತ್ತದೆ. ಒಗರು ಕೊಡುವ ಟ್ಯಾನಿನ್ ಎಂಬ ಅಂಶ ಮಾತ್ರ ಎಲೆ ಒಳಗಿರುವವರೆಗೂ ಬಿಡುತ್ತಲೇ ಹೋಗುತ್ತದೆ. ಹಣ್ಣನ್ನೋ ಮಸಾಲೆಯನ್ನೋ ವಾರ ನೆನೆಸಿದ ಅಭ್ಯಾಸವಿದ್ದವರು ಇಲ್ಲೇ ಎಡವುವುದು. ಎರಡು, ಪುಡಿ. ಹಾಲು ಹಾಕಿ ಕುದಿಸುವುದಕ್ಕೆಂದೇ ಇರುವ, ಎಲೆಯನ್ನು ಜಜ್ಜಿ ಸಣ್ಣ ಹರಳಾಗಿಸಿದ ಸಿಟಿಸಿ ಚಹಾ ಬಣ್ಣವನ್ನೂ ಒಗರನ್ನೂ ನಿಮಿಷಗಳಲ್ಲಿ ಕಕ್ಕುತ್ತದೆ. ಇದಕ್ಕೆ ಇಡೀ ಎಲೆಯ ಚಹಾ ಬೇಕು.

ಯಾವ ಚಹಾ ಎಂದರೆ, ಕಣ್ಣು ಮುಚ್ಚಿ ಅರ್ಲ್ ಗ್ರೇ ಎನ್ನುತ್ತೇನೆ. ಅದಕ್ಕೆ ಹಚ್ಚುವ, ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆಯಲ್ಲಿ ಲಿನಲೂಲ್ ಎಂಬ ಘಮದ ಅಂಶ ಧಾರಾಳವಾಗಿದೆ. ಜಿನ್‌ಗೆ ಜೂನಿಪರ್ ಕಾಯಿಯ ನಂತರ ಮುಖ್ಯವಾದ ಸಾಮಗ್ರಿ ಕೊತ್ತಂಬರಿ ಬೀಜ. ಅದರ ಪರಿಮಳಕ್ಕೂ ಲಿನಲೂಲೇ ಮೂಲ. ಚಹಾ ಎಲೆಯಲ್ಲೂ ಅದು ಸ್ವಲ್ಪ ಇದ್ದೇ ಇದೆ. ಹಾಗಾಗಿ ಈ ಚಹಾವೂ ಜಿನ್ನೂ ಒಂದೇ ಮನೆಯವರ ಹಾಗೆ ಬೆರೆಯುತ್ತವೆ. ಜಿನ್ ಕೂಡ ಸಿಹಿ ಬೆರೆಸದ ಸಾದಾ ಲಂಡನ್ ಡ್ರೈ ಬಗೆಯದು ಸಾಕು. ಹೂವು, ಹಣ್ಣು ಎಂದು ಈಗಾಗಲೇ ಸಿಂಗರಿಸಿಕೊಂಡು ಬಂದ ದುಬಾರಿ ಜಿನ್ ಇಲ್ಲಿ ದಂಡ.

ನೀವು ಕುಡಿದದ್ದು ಬಹುತೇಕ ಅರ್ಲ್ ಗ್ರೇ ಮಾರ್ಟೀನಿಯೇ ಇರಬೇಕು. ನೊರೆ, ನಿಂಬೆ, ಅಂಚಿಗೆ ಸಕ್ಕರೆ ಎಂದಿರಲ್ಲ, ಅದರಿಂದ ಹೇಳಿದೆ. ಅದನ್ನು ರೂಪಿಸಿದವರು ಬಾರ್‌ಟೆಂಡರ್ ಆಡ್ರಿ ಸಾಂಡರ್ಸ್, ನ್ಯೂಯಾರ್ಕಿನ ಕಾರ್ಲೈಲ್ ಹೋಟೆಲಿನ ಬೆಮೆಲ್ಮನ್ಸ್ ಬಾರಿನಲ್ಲಿದ್ದಾಗ. 2005ರಲ್ಲಿ ಅವರು ಅದೇ ಊರಿನಲ್ಲಿ ತೆರೆದ ಪೆಗು ಕ್ಲಬ್ ಎಂಬ ಬಾರಿನಲ್ಲೂ ಈ ಪೇಯ ಹೆಸರು ಮಾಡಿತು. ಅವರ ಅಳತೆ: 750 ಮಿಲಿ ಜಿನ್‌ಗೆ ನಾಲ್ಕು ದೊಡ್ಡ ಚಮಚ ಚಹಾ ಎಲೆ, ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆ. ಅಷ್ಟೇ. ನೀವು ಮೊದಲು 190 ಮಿಲಿ ಜಿನ್‌ಗೆ ಒಂದು ದೊಡ್ಡ ಚಮಚ ಎಲೆ ಹಾಕಿ ನೋಡಿ. ಮುಕ್ಕಾಲು ಗಂಟೆಯ ನಂತರ ಆಗಾಗ ರುಚಿ ನೋಡಿ. ಆದರೆ ಜಿನ್ ನಾಲಿಗೆಯನ್ನು ಮರಗಟ್ಟಿಸುತ್ತದೆ, ಆದ್ದರಿಂದ ಒಂದು ಚಮಚ ಜಿನ್‌ಗೆ ಒಂದು ಚಮಚ ನೀರು ಬೆರೆಸಿಯೇ ನೋಡಬೇಕು. ಸೋಸುವಾಗ ಎಲೆಯನ್ನು ಹಿಂಡಬೇಡಿ. ಹಿಂಡಿದರೆ ಕೊನೆಯಲ್ಲಿ ಬರುವುದೆಲ್ಲ ಒಗರೇ.

ಒಂದು ಗ್ಲಾಸಿಗೆ ಈ ಜಿನ್ 45 ಮಿಲಿ, ನಿಂಬೆ ರಸ 22 ಮಿಲಿ, ಸಕ್ಕರೆ, ನೀರು ಸಮಪ್ರಮಾಣದಲ್ಲಿ ಬೆರೆಸಿದ ಪಾಕ 30 ಮಿಲಿ, ಒಂದು ಮೊಟ್ಟೆಯ ಬಿಳಿ. ಮೊದಲು ಐಸ್ ಇಲ್ಲದೆ ಶೇಕರ್‌ನಲ್ಲಿ ಜೋರಾಗಿ ಕುಲುಕಿ, ಆಮೇಲೆ ಐಸ್ ಹಾಕಿ ಮತ್ತೆ ಕುಲುಕಿ ಸೋಸಿ. ಮೊಟ್ಟೆ ಬರೀ ನೊರೆಗೆ ಎಂದು ಅನೇಕರು ತಿಳಿದಿದ್ದಾರೆ. ಅದರ ಪ್ರೋಟೀನು ಟ್ಯಾನಿನ್‌ಗೆ ಅಂಟಿಕೊಂಡು ಒಗರಿನ ಮೊನೆ ಮುರಿಯುತ್ತದೆ. ಬಾರಿನಲ್ಲಿ ನಿಮಗೆ ಸಿಕ್ಕ ಆ ಮೃದುತ್ವಕ್ಕೆ ಅದೂ ಒಂದು ಕಾರಣ.

ಇದೇ ತತ್ತ್ವ ನಿಮ್ಮ ಕೆಟ್ಟ ಬಾಟಲಿಗೂ ಮದ್ದು. ಒಂದು ಪಾಲು ಹಾಲನ್ನು ಪಾತ್ರೆಗೆ ಹಾಕಿ, ಅದಕ್ಕೆ ನಾಲ್ಕು ಪಾಲು ಚಹಾ-ಜಿನ್ ಸುರಿಯಿರಿ. ಹಾಲಿಗೆ ಜಿನ್, ಜಿನ್‌ಗೆ ಹಾಲಲ್ಲ. ತಿರುಗುಮುರುಗಾದರೆ ಹಾಲು ತಕ್ಷಣ ಒಡೆದು ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಸ್ವಲ್ಪ ನಿಂಬೆ ರಸ ಹಾಕಿ ನಿಧಾನವಾಗಿ ತಿರುಗಿಸಿದರೆ ಹಾಲು ಒಡೆದು, ಗಸಿ ಟ್ಯಾನಿನ್ನನ್ನು ಹಿಡಿದುಕೊಳ್ಳುತ್ತದೆ. ಕೆಲವು ಗಂಟೆ ಫ್ರಿಜ್‌ನಲ್ಲಿಟ್ಟು ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಮಿಕ್ಕ ಹಾಲಿನ ಪ್ರೋಟೀನಿನಿಂದ ಆ ಜಿನ್ ಕುಲುಕಿದಾಗ ತಾನಾಗಿಯೇ ನೊರೆ ಕೊಡುತ್ತದೆ, ಮೊಟ್ಟೆ ಬೇಕಿಲ್ಲ. ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ. ಅಷ್ಟು ಉಸಾಬರಿ ಬೇಡವೆಂದರೆ ಸಾದಾ ಜಿನ್ ಬೆರೆಸಿ ತೆಳುಮಾಡಿ.

ಹಾಲೂ ಬೇಡ ಎನ್ನುವವರು ಉಪ್ಪಿಲ್ಲದೆ ಬೇಯಿಸಿದ ಕಾಬೂಲಿ ಕಡಲೆಯ ಗಟ್ಟಿ ಕಟ್ಟನ್ನು ಮೊಟ್ಟೆಯ ಬದಲಿಗೆ 25ರಿಂದ 30 ಮಿಲಿ ಹಾಕಬಹುದು. ನೊರೆ ಚೆನ್ನಾಗಿಯೇ ಬರುತ್ತದೆ, ವಾಸನೆಯೂ ತುಸು ಬರುತ್ತದೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಹಸಿ ಮೊಟ್ಟೆ ಬಳಸುವವರು ಪಾಶ್ಚೀಕರಿಸಿದ್ದು ಸಿಕ್ಕರೆ ಅದನ್ನೇ ತನ್ನಿ. ಗರ್ಭಿಣಿಯರಿಗೆ ಹೇಗೂ ಈ ಪೇಯ ಸಲ್ಲದು.

ಇಷ್ಟೆಲ್ಲ ಓದುವುದಕ್ಕಿಂತ ಬೇಗ ಕಲಿಯುವ ದಾರಿ, ನೀವು ಮೆಚ್ಚಿದ ಆ ರೆಸ್ಟೋರೆಂಟಿಗೇ ಮತ್ತೆ ಹೋಗಿ ಟೇಬಲ್ ಬಿಟ್ಟು ಬಾರಿನ ಕಟ್ಟೆಯ ಮುಂದೆ ಕೂರುವುದು. ಸಂಜೆ ಬಾಗಿಲು ತೆರೆದ ಹೊತ್ತಿಗೆ ಹೋಗಿ, ಜನ ತುಂಬಿದ ಮೇಲಲ್ಲ. ನನಗೆ ಬರೀ ಬಾರಿಗಿಂತ ರೆಸ್ಟೋರೆಂಟಿನ ಬಾರೇ ಇಷ್ಟವಾಗುವುದು ಅಡುಗೆಮನೆ ಹಿಂದೆಯೇ ಇರುವುದರಿಂದ: ನಿಂಬೆ ಆಗಲೇ ಹಿಂಡಿದ್ದು, ಮೊಟ್ಟೆ ಆ ದಿನದ್ದು, ಜೊತೆಗೆ ತಿನ್ನಲೂ ಏನಾದರೂ ಸಿಗುತ್ತದೆ. ನಾನು ಹೋಗುವ ಕಡೆ ಚಹಾ-ಜಿನ್ ಇರುವುದು ಲೇಬಲ್ ಕಿತ್ತ ಸಣ್ಣ ಬಾಟಲಿಯಲ್ಲಿ, ಕುತ್ತಿಗೆಗೆ ದಿನಾಂಕ ಬರೆದ ಕಾಗದದ ಟೇಪು. ಬಾರ್‌ಟೆಂಡರ್ ಶೇಕರಿನ ಸದ್ದು ಕೇಳಿಯೇ ನಿಲ್ಲಿಸುತ್ತಾರೆ. ಐಸ್‌ನ ಗಡಗಡ ಮಂದವಾಯಿತೆಂದರೆ ನೊರೆ ಕಟ್ಟಿತು ಎಂದರ್ಥ. ಎಷ್ಟು ಹೊತ್ತು ನೆನೆಸುತ್ತೀರಿ ಎಂದು ಕೇಳಿ, ಬಹಳಷ್ಟು ಮಂದಿ ಖುಷಿಯಿಂದಲೇ ಹೇಳುತ್ತಾರೆ.

ಇನ್ನೊಂದು ಮಾತು. ಚಹಾದ ಕೆಫೀನು ಜಿನ್‌ಗೂ ಇಳಿದಿರುತ್ತದೆ. ಅದು ತೂಕಡಿಕೆಯನ್ನು ಮರೆಸುತ್ತದೆಯೇ ಹೊರತು ಅಮಲನ್ನು ಇಳಿಸುವುದಿಲ್ಲ. ಚುರುಕಾಗಿದ್ದೇನೆ ಎಂದು ನಂಬಿ ಗಾಡಿ ಹತ್ತಬೇಡಿ, ನಿದ್ದೆ ಕೆಡುವವರು ಎರಡನೇ ಗ್ಲಾಸನ್ನು ಸಾದಾ ಜಿನ್‌ನಲ್ಲೇ ಮಾಡಿಸಿಕೊಳ್ಳಿ.